ಮೊಯಾಮೊಯಾ: ರಕ್ತದ ನಳಿಕೆಯಲ್ಲಿ ಕಾಣುವುದೆಷ್ಟು, ಕಾಣದ್ದೆಷ್ಟು

“ಮೇಡಂ, ಇಷ್ಟೆಲ್ಲ ಸ್ಕ್ಯಾನ್ ಮಾಡ್ಸೋ ಬದ್ಲು ಇದಕ್ಕೂ ಒಂದು ಬ್ಲಡ್ ಟೆಸ್ಟ್ ಇಲ್ವಾ?”

ಆ ತಾಯಿ ಹೀಗೆ ಕೇಳಿದಾಗ ನಾನು ಅವರ ಮಗಳ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ. ಮಗುವಿಗೆ ಏಳು ವರ್ಷ. ಡಾಕ್ಟರು ಕಳಿಸಿದ ಚೀಟಿಯಲ್ಲಿ ಪರೀಕ್ಷೆಗಳ ಹೆಸರಿನ ಕೆಳಗೆ ಕೆಂಪು ಇಂಕಿನಲ್ಲಿ ಒಂದು ಸಾಲು ಬರೆದಿತ್ತು: ಮಗು ಅಳದ ಹಾಗೆ ನೋಡಿಕೊಳ್ಳಿ. ರಕ್ತ ತೆಗೆಯುವ ಕೆಲಸದಲ್ಲಿ ಅಳುವ ಮಕ್ಕಳು ದಿನಾ ಸಿಗುತ್ತಾರೆ. ಆದರೆ ಈ ಮಗುವಿನ ಅಳು ಬರೀ ಅಳುವಾಗಿರಲಿಲ್ಲ. ಬಿಸಿ ಹಾಲನ್ನು ಊದಿ ಊದಿ ಕುಡಿಯುವಾಗ ಅವಳ ಬಲಗೈಯಿಂದ ಲೋಟ ಜಾರಿ ಬೀಳುತ್ತಿತ್ತು. ಬಿಕ್ಕಿ ಬಿಕ್ಕಿ ಅತ್ತ ಮೇಲೆ ಮಾತು ತೊದಲುತ್ತಿತ್ತು. ಹತ್ತು ನಿಮಿಷಕ್ಕೆಲ್ಲ ಸರಿಹೋಗುತ್ತಿತ್ತು. ಮನೆಯವರು ಮೊದಲು ಹುಡುಗಾಟ ಅಂದುಕೊಂಡರು, ಆಮೇಲೆ ದೃಷ್ಟಿ ತೆಗೆಸಿದರು. ಎಂಆರ್‌ಐ ಆಗುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.

ಚರ್ಮ ಮರಗಟ್ಟಿಸುವ ಮುಲಾಮು ಹಚ್ಚಿ, ಮುಕ್ಕಾಲು ಗಂಟೆ ಕಾದು, ಅವಳ ಕೈಗೆ ಅಮ್ಮನ ಮೊಬೈಲು ಕೊಟ್ಟು, ಅಳಿಸದೆ ರಕ್ತ ತೆಗೆದೆವು. ತಾಯಿಯ ಪ್ರಶ್ನೆಗೆ ಆವತ್ತು “ಇಲ್ಲಮ್ಮ” ಎಂದಷ್ಟೇ ಹೇಳಿ ಮುಗಿಸಿದೆ. ಆ ಉತ್ತರ ತಪ್ಪಲ್ಲ, ಸಾಲದು. ಈ ಕಾಯಿಲೆಯ ಸುಳಿವು ರಕ್ತದಲ್ಲಿ ಸಿಗುವುದೇ ಇಲ್ಲ ಎಂದಲ್ಲ. ಸಿಗುವ ಸುಳಿವು ಯಾವ ಪ್ರಶ್ನೆಗೆ ಉತ್ತರ ಎನ್ನುವುದರಲ್ಲಿ ತೊಡಕಿದೆ. ಅದನ್ನು ಬಿಡಿಸಿ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ಮೊಯಾಮೊಯಾ. ಕುತ್ತಿಗೆಯ ಎರಡು ಬದಿಯಲ್ಲಿ ಮೇಲೇರುವ ಕ್ಯಾರೋಟಿಡ್ ಧಮನಿಗಳು ತಲೆಬುರುಡೆಯೊಳಗೆ ಕವಲೊಡೆಯುವ ತುದಿಯಲ್ಲೇ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುತ್ತವೆ. ಇದು ಹೃದಯದ ನಾಳಗಳಲ್ಲಿ ಆಗುವಂತೆ ಕೊಬ್ಬು ಕಟ್ಟಿಕೊಂಡು ಆಗುವುದಲ್ಲ. ನಾಳದ ಒಳಪದರದಲ್ಲಿ ಸ್ನಾಯುಕೋಶಗಳು ಬೆಳೆದು ಗೋಡೆಯೇ ಒಳಗಿನಿಂದ ದಪ್ಪಗಾಗುತ್ತದೆ. ಹಾಗಾಗಿ ಮಗುವಿನ ಕೊಲೆಸ್ಟ್ರಾಲ್ ವರದಿ ಅಚ್ಚುಕಟ್ಟಾಗಿಯೇ ಇರುತ್ತದೆ. ಜಪಾನಿನ ತಕೆಉಚಿ ಮತ್ತು ಶಿಮಿಜು 1957ರಲ್ಲಿ ಇಂಥ ರೋಗಿಯ ವಿವರವನ್ನು ಮೊದಲು ದಾಖಲಿಸಿದರು. ಹೆಸರಿಟ್ಟವರು ಸೆಂದೈ ನಗರದ ತೊಹೊಕು ವಿಶ್ವವಿದ್ಯಾಲಯದ ಸುಜುಕಿ ಮತ್ತು ತಕಾಕು, 1969ರಲ್ಲಿ. ಮುಖ್ಯ ನಾಳ ಮುಚ್ಚಿಕೊಳ್ಳುತ್ತಿದ್ದ ಹಾಗೆ ಮಿದುಳಿನ ತಳದಲ್ಲಿ ಕೂದಲೆಳೆಯಂಥ ನಾಳಗಳ ಜಾಲ ಹಬ್ಬುತ್ತದೆ. ಆ್ಯಂಜಿಯೋಗ್ರಾಮ್ ಚಿತ್ರದಲ್ಲಿ ಅದು ಗಾಳಿಯಲ್ಲಿ ತೇಲುವ ಹೊಗೆಯಂತೆ ಮಸುಕಾಗಿ ಕಾಣುತ್ತದೆ. ಹಾಗೆ ಮಬ್ಬುಮಬ್ಬಾಗಿರುವುದಕ್ಕೆ ಜಪಾನೀ ಭಾಷೆಯಲ್ಲಿ ಮೊಯಾಮೊಯಾ ಎನ್ನುತ್ತಾರೆ.

ನಾನು ಹಳ್ಳಿಯ ಕಡೆಯವಳು. ನನಗೆ ಇದು ನಾಲೆಯ ಲೆಕ್ಕದಲ್ಲಿ ಬೇಗ ಅರ್ಥವಾಯಿತು. ದೊಡ್ಡ ನಾಲೆಗೆ ಹೂಳು ತುಂಬಿತು ಅಂದುಕೊಳ್ಳಿ. ಕೊನೆಯ ಗದ್ದೆಯವರು ಸುಮ್ಮನೆ ಕೂರುವುದಿಲ್ಲ, ಸಿಕ್ಕಸಿಕ್ಕಲ್ಲಿ ಗುದ್ದಲಿ ಹಾಕಿ ಸಣ್ಣ ಸಣ್ಣ ಕಾಲುವೆ ತೋಡಿಕೊಳ್ಳುತ್ತಾರೆ. ಪೈರಿಗೆ ಜೀವ ಉಳಿಯುತ್ತದೆ. ಆದರೆ ಆ ಕಾಲುವೆಗಳ ಬದು ಗಟ್ಟಿಯಲ್ಲ, ನೀರು ಜೋರಾದ ದಿನ ಒಡೆಯುತ್ತದೆ. ಮೊಯಾಮೊಯಾ ಜಾಲವೂ ಹಾಗೆಯೇ. ಸಾಮಾನ್ಯವಾಗಿ ಮಕ್ಕಳಲ್ಲಿ ರಕ್ತ ಸಾಲದೆ ಲಕ್ವಾ ಹೊಡೆಯುತ್ತದೆ. ದೊಡ್ಡವರಲ್ಲಿ ಅದರ ಜೊತೆಗೆ ಈ ತೆಳುಗೋಡೆಯ ನಾಳಗಳು ಒಡೆದು ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವೂ ಹೆಚ್ಚು. ಐದರಿಂದ ಹತ್ತು ವರ್ಷದ ಆಸುಪಾಸಿನ ಮಕ್ಕಳಲ್ಲಿ ಒಮ್ಮೆ, ನಲವತ್ತರ ಆಸುಪಾಸಿನವರಲ್ಲಿ ಇನ್ನೊಮ್ಮೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚುಕಡಿಮೆ ಇಮ್ಮಡಿ.

ಹಾಲು ಊದಿದರೆ ಕೈ ಏಕೆ ಸೋಲುತ್ತದೆ? ಜೋರಾಗಿ, ಬೇಗಬೇಗ ಉಸಿರು ಬಿಟ್ಟಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದು ಕಡಿಮೆಯಾದರೆ ಮಿದುಳಿನ ಆರೋಗ್ಯವಂತ ನಾಳಗಳು ಕುಗ್ಗುತ್ತವೆ. ನಮ್ಮ ನಿಮ್ಮಲ್ಲಿ ಹೆಚ್ಚೆಂದರೆ ತಲೆ ಸುತ್ತಿದ ಹಾಗಾಗುತ್ತದೆ. ಮೊದಲೇ ಅರೆಬರೆ ರಕ್ತದಲ್ಲಿ ದಿನ ದೂಡುತ್ತಿರುವ ಮಿದುಳಿಗೆ ಅಷ್ಟು ಕೊರತೆಯೇ ಸಾಕು. ಜಪಾನಿನ ಮಕ್ಕಳಲ್ಲಿ ಬಿಸಿ ನೂಡಲ್ಸ್ ಊದುವಾಗ, ಬಾಯಿಯಲ್ಲಿ ಊದುವ ವಾದ್ಯ ನುಡಿಸುವಾಗ ಹೀಗಾಗುವುದನ್ನು ವೈದ್ಯರು ಕಂಡಿದ್ದಾರೆ. ನಮ್ಮಲ್ಲಿ ಹಾಲು, ಬಲೂನು, ಪೀಪಿ, ಒಲೆಯ ಊದುಗೊಳವೆ. ಅತ್ತಾಗ, ಊದಿದಾಗ, ಓಡಿ ಏದುಸಿರು ಬಂದಾಗ ಮಗುವಿನ ಒಂದು ಕೈಯೋ ಕಾಲೋ ಮಾತೋ ಸೋತು ಮತ್ತೆ ಸರಿಹೋದರೆ, ‘ಸರಿಹೋಯಿತಲ್ಲ’ ಎಂದು ಬಿಡಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಇನ್ನು ರಕ್ತದ ವಿಷಯ. ಹೊಸ ನಾಳ ಬೇಕು ಎಂಬ ಸುದ್ದಿ ಹೊರಡುವುದು ಉಸಿರುಗಟ್ಟಿದ ಕೋಶದಿಂದ. ನಮ್ಮ ಕೋಶಗಳಲ್ಲಿ ಹಿಫ್ ಎಂಬ ಪ್ರೋಟೀನು ಸದಾ ತಯಾರಾಗುತ್ತಿರುತ್ತದೆ, ಕೆಲವೇ ನಿಮಿಷಗಳಲ್ಲಿ ನಾಶವೂ ಆಗುತ್ತಿರುತ್ತದೆ. ಅದಕ್ಕೆ ‘ಇದನ್ನು ಒಡೆಯಿರಿ’ ಎಂಬ ಗುರುತು ಹಾಕುವ ಕಿಣ್ವ ಕೆಲಸ ಮಾಡಲು ಆಮ್ಲಜನಕ ಬೇಕು. ಆಮ್ಲಜನಕ ಇಲ್ಲದಿದ್ದರೆ ಗುರುತು ಬೀಳುವುದಿಲ್ಲ. ಹಿಫ್ ಉಳಿದು, ಕೋಶಕೇಂದ್ರಕ್ಕೆ ಹೋಗಿ, ಹತ್ತಾರು ಜೀನುಗಳನ್ನು ಎಬ್ಬಿಸುತ್ತದೆ. ಈ ಏರ್ಪಾಟನ್ನು ಬಿಡಿಸಿ ತೋರಿಸಿದ್ದಕ್ಕೇ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂದದ್ದು. ಹಾಗೆ ಎದ್ದ ಜೀನುಗಳಲ್ಲೊಂದರ ಆಣತಿಯಂತೆ ಕೋಶ ವಿಇಜಿಎಫ್ ಎಂಬ ಪ್ರೋಟೀನನ್ನು ತಯಾರಿಸಿ ಹೊರಗೆ ಬಿಡುತ್ತದೆ. ಅದು ಹತ್ತಿರದ ರಕ್ತನಾಳದ ಒಳಪದರದ ಕೋಶಕ್ಕೆ ತಾಗಿದರೆ, ಆ ಕೋಶ ಬೆರಳುಗಳನ್ನು ಚಾಚಿ ಸುದ್ದಿ ಬಂದ ದಿಕ್ಕಿಗೆ ತೆವಳತೊಡಗುತ್ತದೆ. ಹಿಂದಿನ ಕೋಶಗಳು ವಿಭಜಿಸುತ್ತ ಅದನ್ನು ಹಿಂಬಾಲಿಸುತ್ತವೆ. ದಾರಿಯಲ್ಲಿರುವ ಅಂಗಾಂಶದ ಹೆಣಿಗೆಯನ್ನು ಎಂಎಂಪಿ ಎಂಬ ಕಿಣ್ವಗಳು ಕತ್ತರಿಸಿಕೊಡುತ್ತವೆ. ಕೊನೆಗೆ ಪಿಡಿಜಿಎಫ್ ಎಂಬ ಇನ್ನೊಂದು ಸಂಕೇತಕ್ಕೆ ಓಗೊಟ್ಟು ಹೊರಗಿನಿಂದ ಪೆರಿಸೈಟ್ ಕೋಶಗಳು ಬಂದು ಹೊಸ ನಾಳವನ್ನು ಅಪ್ಪಿ ಹಿಡಿಯುತ್ತವೆ. ಈ ಕೊನೆಯ ಕೆಲಸ ಅರ್ಧಕ್ಕೆ ನಿಂತರೆ ನಾಳ ಚಿಗುರಿದರೂ ಸೋರುತ್ತದೆ.

ಮೊಯಾಮೊಯಾ ಸಂಶೋಧಕರು ಹುಡುಕುತ್ತಿರುವ ಬಯೋಮಾರ್ಕರುಗಳು (ಕಾಯಿಲೆಯ ಸುಳಿವು ಕೊಡುವ ಅಂಶಗಳು) ಬಹುಪಾಲು ಇವೇ, ಅಂದರೆ ಈ ಕಾಮಗಾರಿಯ ಕೂಲಿಯಾಳುಗಳು ಮತ್ತು ಅವರನ್ನು ಕರೆಯುವ ಕೂಗುಗಳು. ಮೊದಲು ಸಿಕ್ಕಿದ್ದು ರಕ್ತದಲ್ಲಲ್ಲ, ಮಿದುಳು ಬಳ್ಳಿಯ ನೀರಿನಲ್ಲಿ. ತೊಂಬತ್ತರ ದಶಕದಲ್ಲೇ ಜಪಾನಿನ ತಂಡಗಳು ಆ ದ್ರವದಲ್ಲಿ ಬಿಎಫ್‌ಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನು ಹೆಚ್ಚಿರುವುದನ್ನು ಕಂಡವು. 2010ರಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ರಕ್ತದ ಪ್ಲಾಸ್ಮಾ ಅಳೆದಾಗ ಎಂಎಂಪಿ-9, ವಿಇಜಿಎಫ್, ಪಿಡಿಜಿಎಫ್ ಮತ್ತು ಉರಿಯೂತದ ಕೆಲವು ಅಂಶಗಳು ಹೆಚ್ಚಿದ್ದವು. ಎಂಎಂಪಿಗಳಿಗೆ ಕಡಿವಾಣ ಹಾಕುವ ಟಿಂಪ್ ಪ್ರೋಟೀನುಗಳು ಕಡಿಮೆಯಿದ್ದವು. ಕತ್ತರಿ ಹೆಚ್ಚು, ಕಡಿವಾಣ ಕಡಿಮೆ: ನಾಳದ ಗೋಡೆ ಏಕೆ ದುರ್ಬಲ ಎನ್ನುವುದಕ್ಕೆ ಇದು ಹೊಂದುವ ಚಿತ್ರ. ಇನ್ನು ಮೂಳೆಮಜ್ಜೆಯಿಂದ ಬಂದು ರಕ್ತದಲ್ಲಿ ತೇಲುವ, ಮುಂದೆ ನಾಳದ ಒಳಪದರವಾಗಬಲ್ಲ ಎಳೆಯ ಕೋಶಗಳನ್ನೂ ಎಣಿಸಿದ್ದಾರೆ. ಒಂದು ಅಧ್ಯಯನದ ದೊಡ್ಡವರಲ್ಲಿ ಅವು ಹೆಚ್ಚು, ಇನ್ನೊಂದರ ಮಕ್ಕಳಲ್ಲಿ ಅವುಗಳ ಬೆಳೆಯುವ ಶಕ್ತಿಯೇ ಕಡಿಮೆ. ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯವರು ಸೂಜಿಯೇ ಬೇಡವೆಂದು ಮೂತ್ರದಲ್ಲಿ ಎಂಎಂಪಿ ಹುಡುಕುತ್ತಿದ್ದಾರೆ. ಅಳಿಸಬಾರದ ಮಕ್ಕಳ ಕಾಯಿಲೆಗೆ ಈ ಯೋಚನೆ ನನಗೆ ಬಹಳ ಹಿಡಿಸಿತು. ಹೊಸ ನಾಳ ಬೆಳೆಸುವ ಪ್ರೋಟೀನುಗಳ ಶೋಧಕ್ಕೆ ಹಾದಿ ಹಾಕಿದ ಜುಡಾ ಫೋಕ್‌ಮನ್ ದುಡಿದದ್ದೂ ಅದೇ ಆಸ್ಪತ್ರೆಯಲ್ಲಿ.

ಇಷ್ಟು ಓದಿದವರು ‘ಹಾಗಾದರೆ ಟೆಸ್ಟ್ ಇದೆಯಲ್ಲ’ ಅನ್ನಬಹುದು. ಇಲ್ಲಿ ನನ್ನ ಕೆಲಸದ ಮೇಜಿನ ಹತ್ತಿರ ಬನ್ನಿ. ವಿಇಜಿಎಫ್ ಅಳೆಯುವುದು ಎಲೈಸಾ ತಟ್ಟೆಯಲ್ಲಿ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ. ಪ್ರತಿ ಗುಳಿಯ ತಳದಲ್ಲಿ ವಿಇಜಿಎಫ್ ಒಂದನ್ನೇ ಹಿಡಿಯುವ ಪ್ರತಿಕಾಯ ಅಂಟಿಕೊಂಡಿರುತ್ತದೆ. ಮಾದರಿ ಹಾಕಿ, ಕಾದು, ತೊಳೆದು, ಎರಡನೆಯ ಪ್ರತಿಕಾಯ ಹಾಕಿ, ಮತ್ತೆ ತೊಳೆದು ಬಣ್ಣದ ದ್ರವ ಬಿಟ್ಟರೆ ಗುಳಿಗಳು ಒಂದೊಂದಾಗಿ ನೀಲಿಗೆ ತಿರುಗುತ್ತವೆ. ಆಮ್ಲದ ಹನಿ ಬಿದ್ದೊಡನೆ ನೀಲಿ ಹೋಗಿ ನಿಂಬೆಹಣ್ಣಿನ ಹಳದಿ. ಹಳದಿ ಗಾಢವಾದಷ್ಟೂ ಪ್ರೋಟೀನು ಹೆಚ್ಚು. ಇಲ್ಲಿ ಲೆಕ್ಕ ಪಿಕೋಗ್ರಾಮಿನಲ್ಲಿ, ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು.

ಒಮ್ಮೆ ನನ್ನದೇ ರಕ್ತವನ್ನು ಒಂದೇ ಸೂಜಿಯಿಂದ ಎರಡು ನಳಿಕೆಗೆ ತೆಗೆಸಿಕೊಂಡೆ. ಕೆಂಪು ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮೇಲೆ ಉಳಿಯುವ ತಿಳಿ ಸೀರಂ. ನೇರಳೆ ಮುಚ್ಚಳದ್ದರಲ್ಲಿ ಹೆಪ್ಪುಗಟ್ಟದ ಹಾಗೆ ಔಷಧಿ ಇರುತ್ತದೆ, ಅದನ್ನು ತಿರುಗಿಸಿ ತೆಗೆದದ್ದು ಪ್ಲಾಸ್ಮಾ. ಒಬ್ಬಳದೇ ರಕ್ತ, ಒಂದೇ ನಿಮಿಷ. ಆದರೂ ಸೀರಮ್ಮಿನ ಗುಳಿ ಎದ್ದು ಕಾಣುವಷ್ಟು ಹೆಚ್ಚು ಹಳದಿಯಾಯಿತು. ಇದಕ್ಕೆ ಕಾರಣ ಡೆಂಗಿ ಕಾಲದಲ್ಲಿ ಎಲ್ಲರ ಬಾಯಿಗೂ ಬರುವ ಪ್ಲೇಟ್‌ಲೆಟ್. ಅವು ತಮ್ಮ ಚೀಲದಲ್ಲಿ ವಿಇಜಿಎಫ್ ತುಂಬಿಕೊಂಡಿರುತ್ತವೆ, ಹೆಪ್ಪುಗಟ್ಟುವಾಗ ಅದನ್ನು ಕಕ್ಕುತ್ತವೆ. ಅಂದರೆ ಸೀರಮ್ಮಿನಲ್ಲಿ ನಾನು ಅಳೆದದ್ದರಲ್ಲಿ ಬಹುಪಾಲು ನಳಿಕೆಯೊಳಗೇ ಹುಟ್ಟಿದ್ದು. ಮೊಯಾಮೊಯಾ ರೋಗಿಗಳಲ್ಲಿ ಅನೇಕರು ಪ್ಲೇಟ್‌ಲೆಟ್‌ಗಳನ್ನು ತಡೆಯುವ ಆಸ್ಪಿರಿನ್ ನುಂಗುತ್ತಿರುತ್ತಾರೆ ಎನ್ನುವುದನ್ನೂ ಸೇರಿಸಿಕೊಳ್ಳಿ. ಒಬ್ಬರು ಸೀರಂ, ಒಬ್ಬರು ಪ್ಲಾಸ್ಮಾ, ಒಬ್ಬರು ಆಸ್ಪಿರಿನ್ ನಿಲ್ಲಿಸಿ, ಒಬ್ಬರು ನಿಲ್ಲಿಸದೆ ಅಳೆದರೆ ಆ ಅಂಕಿಗಳನ್ನು ಒಂದೇ ಸಾಲಿನಲ್ಲಿ ಇಟ್ಟು ಹೋಲಿಸಲು ಬರುವುದಿಲ್ಲ.

ವಿಇಜಿಎಫ್ ಮಿದುಳಿನ ಸೊತ್ತೂ ಅಲ್ಲ. ಗಾಯ ಮಾಯುವಾಗ, ಗರ್ಭಿಣಿಯಾದಾಗ, ಸೋಂಕಿನಲ್ಲಿ, ಗಡ್ಡೆಗಳಲ್ಲಿ, ಎಲ್ಲೆಲ್ಲೂ ಅದರ ಓಡಾಟವಿದೆ. ಈ ಕಾಯಿಲೆಗೆ ಬುರುಡೆ ತೆರೆದು ಮಾಡುವ ಶಸ್ತ್ರಕ್ರಿಯೆಯ ಮರುವಾರ ರಕ್ತದಲ್ಲಿ ಅದು ಏರಿದರೆ ಮಿದುಳಲ್ಲಿ ನಾಳ ಚಿಗುರಿತು ಎಂದು ಹಿಗ್ಗುವ ಹಾಗಿಲ್ಲ. ನೆತ್ತಿಯ ಹೊಲಿಗೆ ಮಾಯುತ್ತಿದ್ದರೂ ಅದು ಏರುತ್ತದೆ. ರಕ್ತದ ಅಂಕಿ ಹೇಳುವುದು ದೇಹದಲ್ಲಿ ಎಲ್ಲೋ ನಾಳ ಬೇಕೆಂಬ ಕೂಗು ಎದ್ದಿದೆ ಎಂದು. ಕೂಗಿಗೆ ಓಗೊಟ್ಟರೋ ಇಲ್ಲವೋ, ಎಲ್ಲಿ ಓಗೊಟ್ಟರು, ಬಂದವರು ಕಟ್ಟಿದ ಬದು ಗಟ್ಟಿಯಿದೆಯೋ ಎನ್ನುವುದನ್ನು ಚಿತ್ರವೇ ಹೇಳಬೇಕು.

ಅಪರೂಪದ ಕಾಯಿಲೆಗೆ ಇನ್ನೊಂದು ಲೆಕ್ಕದ ಪೆಟ್ಟೂ ಇದೆ. ಇದು ಹೆಚ್ಚಾಗಿ ಕಾಣುವ ಜಪಾನಿನಲ್ಲೇ ಲಕ್ಷ ಜನರಿಗೆ ಹತ್ತರ ಆಸುಪಾಸು. ನಮ್ಮಲ್ಲಿ ಲಕ್ಷಕ್ಕೊಬ್ಬರು ಅಂತಲೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನೂರಕ್ಕೆ ತೊಂಬತ್ತೈದು ಸಲ ಸರಿ ಹೇಳುವ, ಅಂದರೆ ಬಹಳ ಒಳ್ಳೆಯ ಒಂದು ರಕ್ತಪರೀಕ್ಷೆ ಇದೆ ಅಂದುಕೊಳ್ಳಿ. ಲಕ್ಷ ಜನರಿಗೆ ಮಾಡಿದರೆ ಆ ಒಬ್ಬ ರೋಗಿ ಸಿಕ್ಕಾರು, ಜೊತೆಗೆ ಕಾಯಿಲೆಯೇ ಇಲ್ಲದ ಸುಮಾರು 5,000 ಜನರಿಗೆ ‘ಇದೆ’ ಎಂದು ಬರುತ್ತದೆ. ಅಷ್ಟು ಮನೆಗಳ ನಿದ್ದೆ ಕೆಡಿಸುವ ಪರೀಕ್ಷೆಯನ್ನು ನಾನಂತೂ ಮಾಡಲಾರೆ.

ಜೀನ್ ಪರೀಕ್ಷೆ ಇದಕ್ಕಿಂತ ಬೇರೆ ಜಾತಿಯದು. 2011ರಲ್ಲಿ ಜಪಾನಿನ ಸಂಶೋಧಕರು ಹದಿನೇಳನೇ ವರ್ಣತಂತುವಿನ ಆರ್‌ಎನ್‌ಎಫ್-213 ಜೀನಿಗೂ ಈ ಕಾಯಿಲೆಗೂ ಇರುವ ನಂಟನ್ನು ಕಂಡುಹಿಡಿದರು. ಅಲ್ಲಿನ ಹೆಚ್ಚಿನ ರೋಗಿಗಳಲ್ಲಿ ಅದರ ಒಂದು ನಿರ್ದಿಷ್ಟ ಬದಲಾವಣೆ ಇದೆ. ಆದರೆ ಆರೋಗ್ಯವಾಗಿರುವ ಜಪಾನೀಯರಲ್ಲೂ ನೂರಕ್ಕೆ ಒಬ್ಬಿಬ್ಬರಲ್ಲಿ ಅದು ಇದೆ. ಅವರಲ್ಲಿ ಬಹುತೇಕರಿಗೆ ಕಾಯಿಲೆ ಬರುವುದೇ ಇಲ್ಲ. ಆ ಬದಲಾವಣೆ ಮುಖ್ಯವಾಗಿ ಪೂರ್ವ ಏಷ್ಯಾದ್ದು. ಹಾಗಾಗಿ ನಮ್ಮ ಮಗುವಿನ ವರದಿಯಲ್ಲಿ ಅದು ಇಲ್ಲ ಎಂದು ಬಂದರೆ ಕಾಯಿಲೆ ಇಲ್ಲ ಎಂದು ಅರ್ಥವಲ್ಲ.

ಇಷ್ಟಾದರೂ ಈ ಹುಡುಕಾಟ ವ್ಯರ್ಥ ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಅದರ ಬೆಲೆ ತಿಳಿಯಲು ಶಸ್ತ್ರಕ್ರಿಯೆ ತಿಳಿಯಬೇಕು. ಮುಚ್ಚುತ್ತಿರುವ ನಾಳವನ್ನು ತೆರೆಯುವ ಔಷಧಿ ಇಲ್ಲ, ಹಾಗಾಗಿ ಬೇರೆ ದಾರಿಯಿಂದ ರಕ್ತ ತರುತ್ತಾರೆ. ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುವ ನಾಳವೊಂದಿದೆ, ನೆತ್ತಿಯ ಚರ್ಮಕ್ಕೆ ರಕ್ತ ಕೊಡುವಂಥದು. ನೇರ ಬೈಪಾಸಿನಲ್ಲಿ ಅದರ ತುದಿಯನ್ನು ಬುರುಡೆಯೊಳಗೆ ತಂದು ಮಿದುಳಿನ ಮೇಲಿನ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಾರೆ. ನಾಳದ ಅಗಲ ಸುಮಾರು ಒಂದು ಮಿಲಿಮೀಟರ್, ದಾರ ಕೂದಲಿಗಿಂತ ಸಣ್ಣ. ರಕ್ತ ಆಗಲೇ ಹರಿಯತೊಡಗುತ್ತದೆ. ಮಕ್ಕಳ ನಾಳ ಇನ್ನೂ ಸಣ್ಣದಾದ್ದರಿಂದ ಅವರಿಗೆ ಹಲವು ಸಲ ಪರೋಕ್ಷ ಬೈಪಾಸ್. ಇದರಲ್ಲಿ ಹೊಲಿದು ಜೋಡಿಸುವುದಿಲ್ಲ. ನಾಳವನ್ನು ಮಿದುಳಿನ ಮೇಲೆ ಮಲಗಿಸಿ, ಅದು ಅಲ್ಲಾಡದ ಹಾಗೆ ಮಾಡಿ, ಮುಚ್ಚಿಬಿಡುತ್ತಾರೆ. ಮುಂದಿನದನ್ನು ಹಸಿದ ಮಿದುಳೇ ಮಾಡಿಕೊಳ್ಳಬೇಕು. ಅದೇ ಹಿಫ್, ಅದೇ ವಿಇಜಿಎಫ್ ಈಗ ಸರ್ಜನ್‌ಗೆ ಜೊತೆಗಾರರು. ಆಲದ ಬಿಳಲು ಮಣ್ಣು ಮುಟ್ಟಿ ಬೇರಾದ ಹಾಗೆ ತಿಂಗಳುಗಟ್ಟಲೆ ಹೊಸ ನಾಳಗಳು ಮಿದುಳಿನೊಳಕ್ಕೆ ಇಳಿಯುತ್ತವೆ. ಆರು ತಿಂಗಳು, ವರ್ಷದ ಹೊತ್ತಿಗೆ ಆ್ಯಂಜಿಯೋಗ್ರಾಮ್ ಮಾಡಿ ನೋಡುತ್ತಾರೆ. ಮಧ್ಯ ಮಿದುಳು ಧಮನಿಯ ವ್ಯಾಪ್ತಿಯಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿದ್ದರೆ ಎ, ಮೂರನೇ ಒಂದರಿಂದ ಎರಡು ಭಾಗವಾದರೆ ಬಿ, ಅದಕ್ಕೂ ಕಡಿಮೆಯಾದರೆ ಸಿ. ಈ ಶ್ರೇಣಿಗೆ ಜಪಾನಿನ ಮತ್ಸುಶಿಮಾ ಅವರ ಹೆಸರಿದೆ.

ಮಕ್ಕಳಲ್ಲಿ ಈ ಚಿಗುರು ಚೆನ್ನಾಗಿ ಬರುತ್ತದೆ. ದೊಡ್ಡವರಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಬಾರದು. ಯಾರಿಗೆ ಬರುತ್ತದೆ ಎಂದು ಬುರುಡೆ ತೆರೆಯುವ ಮೊದಲೇ ತಿಳಿದರೆ? ಚಿಗುರದವರಿಗೆ ನೇರ ಬೈಪಾಸ್ ಮಾಡಬಹುದು, ಒಂದು ವರ್ಷ ಕಾದು ಕೈಸುಟ್ಟುಕೊಳ್ಳುವುದು ತಪ್ಪುತ್ತದೆ. 1996ರಷ್ಟು ಹಿಂದೆಯೇ ಜಪಾನಿನ ಅಧ್ಯಯನವೊಂದು ಪರೋಕ್ಷ ಬೈಪಾಸಿನ ನಂತರ ಚೆನ್ನಾಗಿ ನಾಳ ಬೆಳೆದವರಲ್ಲಿ ಮಿದುಳು ಬಳ್ಳಿಯ ನೀರಿನ ಬಿಎಫ್‌ಜಿಎಫ್ ಹೆಚ್ಚಿತ್ತೆಂದು ತೋರಿಸಿತ್ತು. ಬೆನ್ನಿಗೆ ಸೂಜಿ ಚುಚ್ಚದೆ, ಬರೀ ರಕ್ತದಿಂದಲೇ ಅಂಥ ಮುನ್ಸೂಚನೆ ಸಿಗುವಂತೆ ಮಾಡುವುದು ಈಗಿನ ಗುರಿ. ನನ್ನ ಪ್ರಕಾರ ಬಯೋಮಾರ್ಕರಿಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಇದೇ. ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ಎಂಆರ್‌ಐ ಹೇಳುತ್ತದೆ. ಯಾವ ಶಸ್ತ್ರಕ್ರಿಯೆ ಯಾರಿಗೆ ಒಗ್ಗುತ್ತದೆ ಎಂಬುದನ್ನು ಎಂಆರ್‌ಐ ಪೂರ್ತಿ ಹೇಳಲಾರದು.

ಶಸ್ತ್ರಕ್ರಿಯೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಅಳುಕಿಗೂ ಒಂದು ಉತ್ತರವಿದೆ. ಒಮ್ಮೆ ಮಿದುಳಲ್ಲಿ ರಕ್ತಸ್ರಾವವಾಗಿದ್ದ 80 ವಯಸ್ಕರನ್ನು ಜಪಾನಿನಲ್ಲಿ ಎರಡು ಗುಂಪು ಮಾಡಿ ಐದು ವರ್ಷ ಗಮನಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೈಪಾಸ್ ಆದವರಲ್ಲಿ ಶೇ. 11.9, ಆಗದವರಲ್ಲಿ ಶೇ. 31.6 ಮಂದಿಗೆ ಮತ್ತೆ ರಕ್ತಸ್ರಾವವಾಯಿತು. ಈ ಶಸ್ತ್ರಕ್ರಿಯೆಗೆ ಜಪಾನಿಗೇ ಹೋಗಬೇಕಿಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮಾಡುತ್ತಾರೆ.

ಕುಡಗೋಲು ಕಣ ರಕ್ತಹೀನತೆ, ಡೌನ್ ಸಿಂಡ್ರೋಮ್, ನ್ಯೂರೋಫೈಬ್ರೊಮಟೋಸಿಸ್, ಗಡ್ಡೆಗಾಗಿ ತಲೆಗೆ ಕೊಟ್ಟ ವಿಕಿರಣ, ಇವುಗಳ ಜೊತೆಗೂ ಇಂಥದೇ ನಾಳಜಾಲ ಬರುತ್ತದೆ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟುಗಳಲ್ಲಿ ಕುಡಗೋಲು ಕಣ ಇರುವುದರಿಂದ ಅಲ್ಲಿನ ಆಶಾ ಕಾರ್ಯಕರ್ತೆಯರಿಗೆ ಈ ಮಾತು ತಲುಪಬೇಕು: ಆ ಕಾಯಿಲೆಯ ಮಗುವಿನ ಕೈಕಾಲು ಹತ್ತು ನಿಮಿಷ ಸೋತರೂ ಅದನ್ನು ನಿಶ್ಶಕ್ತಿ ಎಂದು ಬರೆದುಕೊಳ್ಳಬೇಡಿ, ಮಿದುಳಿನ ತಪಾಸಣೆಗೆ ಕಳಿಸಿ.

ಕಾಯಿಲೆ ಖಚಿತವಾದ ಮನೆಯಲ್ಲಿ ದಿನನಿತ್ಯದ ಕೆಲಸ ರಕ್ತದ ಅಂಕಿಗಿಂತ ಮುಖ್ಯ. ಮಗುವಿನ ಮೈಯಲ್ಲಿ ನೀರು ಕಡಿಮೆಯಾಗಬಾರದು. ಜ್ವರ, ವಾಂತಿ, ಭೇದಿ ಬಂದ ದಿನ ಓಆರ್‌ಎಸ್ ಕೊಡುತ್ತಲೇ ಡಾಕ್ಟರಿಗೆ ಫೋನ್ ಮಾಡಿ. ಹಲ್ಲು ಕೀಳಿಸುವುದಿದ್ದರೂ, ಯಾವುದೇ ಅರಿವಳಿಕೆ ಕೊಡುವುದಿದ್ದರೂ ಮೊದಲೇ ಕಾಯಿಲೆಯ ಹೆಸರು ಹೇಳಿ. ಉಪವಾಸ ಬೇಡ. ಆಸ್ಪಿರಿನ್ ಶುರುಮಾಡುವುದು, ನಿಲ್ಲಿಸುವುದು ಎರಡೂ ಡಾಕ್ಟರ ತೀರ್ಮಾನ, ಪಕ್ಕದ ಮನೆಯವರದಲ್ಲ. ಬೈಪಾಸ್ ಆದ ಮೇಲೆ ಕಿವಿಯ ಮುಂದಿನ ನಾಳವನ್ನು ಒತ್ತುವ ಬಿಗಿ ಕನ್ನಡಕ, ತಲೆಪಟ್ಟಿ ಹಾಕಬೇಡಿ. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ಕೆಟ್ಟರೆ, ಸಿಡಿಲು ಹೊಡೆದಂಥ ತಲೆನೋವು ಬಂದರೆ 108ಕ್ಕೆ ಕರೆ ಮಾಡಿ. ಕಡಿಮೆಯಾಗುತ್ತದೋ ನೋಡೋಣ ಎಂದು ಕಾಯುವ ಕಾಯಿಲೆ ಇದಲ್ಲ.

ಯಾರಾದರೂ ಮೊಯಾಮೊಯಾಗೆ ಬಯೋಮಾರ್ಕರ್ ಪ್ಯಾಕೇಜ್ ಇದೆ ಎಂದು ದುಡ್ಡು ಕೇಳಿದರೆ ಕೊಡಬೇಡಿ. ನಿಮ್ಮ ಆಸ್ಪತ್ರೆಯ ಸಂಶೋಧಕರು ಒಪ್ಪಿಗೆ ಪತ್ರ ತೋರಿಸಿ, ಚಿಕಿತ್ಸೆಗೆ ಹೇಗೂ ತೆಗೆಯುವ ರಕ್ತದ ಜೊತೆ ಒಂದು ನಳಿಕೆ ಹೆಚ್ಚಿಗೆ ಕೊಡುವಿರಾ ಎಂದರೆ ಮಾತ್ರ ಯೋಚಿಸಿ. ರೋಗಿಗಳು ಬೆರಳೆಣಿಕೆಯಷ್ಟಿರುವ ಕಾಯಿಲೆಯಲ್ಲಿ ಒಂದೊಂದು ನಳಿಕೆಗೂ ಬೆಲೆಯಿದೆ. ಶಸ್ತ್ರಕ್ರಿಯೆಯಾಗಿ ಆರು ತಿಂಗಳ ನಂತರ, ಮೊದಲು ಹೇಳಿದ ಆ ಮಗು ಆ್ಯಂಜಿಯೋಗ್ರಾಮ್‌ಗೆ ಬಂದಾಗ ಅವಳ ತಾಯಿ ಹಾಗೆಯೇ ಒಂದು ನಳಿಕೆಗೆ ಒಪ್ಪಿದರು. ನೇರಳೆ ಮುಚ್ಚಳದ್ದು. ತಕ್ಷಣ ಐಸಿನಲ್ಲಿಟ್ಟು, ತಿರುಗಿಸಿ, ಪ್ಲಾಸ್ಮಾವನ್ನು ಮೈನಸ್ 80 ಡಿಗ್ರಿಯ ಪೆಟ್ಟಿಗೆಗೆ ಹಾಕುವ ಮೊದಲು ಚೀಟಿ ಅಂಟಿಸಿದೆ: ದಿನಾಂಕ, ತೆಗೆದ ಗಂಟೆ, ತಿರುಗಿಸಿದ ಗಂಟೆ, ಕೊನೆಯ ಆಸ್ಪಿರಿನ್ ಎಂದು ನುಂಗಿದ್ದು, ಶಸ್ತ್ರಕ್ರಿಯೆಯಾಗಿ ಎಷ್ಟನೇ ದಿನ. ಹೊರಗೆ ಬೆಂಚಿನ ಮೇಲೆ ಅವಳಮ್ಮ ಕ್ಯಾಂಟೀನಿನ ಹಾಲನ್ನು ಎರಡು ಲೋಟಗಳ ನಡುವೆ ಎತ್ತಿ ಎತ್ತಿ ಹೊಯ್ದು ಆರಿಸುತ್ತಿದ್ದರು.